ಮಾವ ಹದ ಮಾಡಿದ ಬಟ್ಟೆ

ನಾಟಕದ ಪರದೆಯ ಮೇಲೆ ಮೂರೇ ದಿನದಲ್ಲಿ ಅರಮನೆ, ಕಾಡು, ಕೈಲಾಸ ಎಲ್ಲವನ್ನೂ ಎಬ್ಬಿಸಿ ನಿಲ್ಲಿಸುತ್ತಿದ್ದ ನನ್ನ ಸೋದರಮಾವ, ಒಂದೇ ಒಂದು ಮುಖ ಬರೆಯುವುದಕ್ಕಾಗಿ ಬೇಸಿಗೆಯಿಡೀ ಬಟ್ಟೆ ಹದ ಮಾಡಿದರೆಂದರೆ ನಂಬುತ್ತೀರಾ? ನಾನಂತೂ ನಂಬಲೇಬೇಕು. ಆ ರಜೆಯಲ್ಲಿ ಹುಣಸೂರಿನ ಅವರ ಮನೆಯಲ್ಲೇ ಇದ್ದೆ.

ಮುಖ ಅತ್ತೆಯ ತಾಯಿಯದು. ಹಿಂದಿನ ವರ್ಷ ತೀರಿಕೊಂಡ ಆಕೆಯ ಒಂದು ಫೋಟೋ ಕೂಡ ಇರಲಿಲ್ಲ. "ಅವ್ವನ ಮೊಕ ನನ್ಗೂ ಮರ್ತೋಗೋಕ್ ಮುಂಚೆ ಬರ್ಕೊಡ್ರೀ" ಎಂದು ಅತ್ತೆ ಕೇಳಿದ್ದರು. ಮಾವ ಮಂಚದ ಹಗ್ಗ ಬಿಚ್ಚಿ, ಆ ಚೌಕಟ್ಟಿಗೆ ಖಾದಿ ಬಟ್ಟೆ ಬಿಗಿದರು. ಅಂದಿನಿಂದ ಗಂಡ ಹೆಂಡಿರಿಬ್ಬರಿಗೂ ನೆಲವೇ ಗತಿ.

ನನ್ನ ದಿನಚರಿಯ ಪ್ರಕಾರ ಸೋಮವಾರ ಹುಣಸೆಬೀಜದ ಅಂಟು ಕಾಯಿಸಿ ಬಳಿದದ್ದು, ಮಂಗಳವಾರ ಅದಕ್ಕೆ ಸೀಮೆಸುಣ್ಣದ ಪುಡಿ ಕಲಸಿ ಇನ್ನೊಂದು ಪದರ, ಬುಧವಾರ ಹೊಳೆಯ ನುಣುಪುಗಲ್ಲಿನಿಂದ ಉಜ್ಜಿದ್ದು. ಗುರುವಾರ ಬೆರಳಿನಿಂದ ತಟ್ಟಿ, ಕಿವಿಗೊಟ್ಟು ಕೇಳಿ, "ಇನ್ನೂ ಹದ ಬಂದಿಲ್ಲ ಕಣ್ಲಾ" ಎಂದು ಎಲ್ಲವನ್ನೂ ತೊಳೆದು ಮತ್ತೆ ಸೋಮವಾರಕ್ಕೆ ಬಂದರು!

ಬಿಸಿಲಲ್ಲಿ ಬಂದ ಕಂಪಲಾಪುರದ ಬೀಗರೊಬ್ಬರು ಒಲೆಯ ಮೇಲಿದ್ದ ಅಂಟನ್ನು ಗಂಜಿಯೆಂದು ಬಗ್ಗಿಸಿಕೊಂಡು ಕುಡಿದೇಬಿಟ್ಟರು. "ಉಪ್ಪು ಕಮ್ಮಿ ಆಯ್ತು ಕಣವ್ವ" ಎಂದರು. ಅತ್ತೆ ಹೆದರಿ ನಿಂತರೆ, ಮಾವ ಕೇಳಿದ್ದು ಬೇರೆ.

"ಗಂಟು ಸಿಕ್ತಾ ಬೀಗ್ರೇ?"

"ಇಲ್ವಲ್ಲ."

"ಅಂಗಾದ್ರೆ ಬಟ್ಟೆಗೆ ಬಳೀಬೋದು ಬುಡಿ."

ಇನ್ನೊಂದು ದಿನ ಒಣಗಲು ಇಟ್ಟಿದ್ದ ಬಟ್ಟೆಯ ಮೂಲೆಯನ್ನು ಕರು ನೆಕ್ಕಿತು. ಮಾವನಿಗೆ ಕೋಪ ಬಂದಿತೇ? ಮೊದಲಿನಿಂದ ಶುರುಮಾಡಲು ನೆವ ಸಿಕ್ಕಿತೆಂದು ಮುಖ ಅರಳಿತು.

ಮೊದಲ ಮಳೆ ಬಿದ್ದ ದಿನ ಅತ್ತೆಯ ತಾಳ್ಮೆ ಮುಗಿಯಿತು. "ಆಗಾಕಿಲ್ಲ ಅಂದ್ಬುಡಿ ಅತ್ಲಾಗೆ. ನಮ್ಮವ್ವ ಅಂತ ತಾನೆ ಈ ತಾತ್ಸಾರ?"

ಮಾವ ಕೈಯಲ್ಲಿದ್ದ ಕಲ್ಲು ಕೆಳಗಿಟ್ಟರು. "ನಿಮ್ಮವ್ವನ ಮೊಕಾನೇ ನಾನು ನೋಡಿಲ್ಲ ಕಣೇ. ಏನಂತ ಬರೀಲಿ?"

ನಿಜವೇ. ಹೆಣ್ಣು ಕೊಟ್ಟ ತಾಯಿ ಅಳಿಯನ ಎದುರು ಬರುವ ಪದ್ಧತಿ ಅತ್ತೆಯ ತವರಿನಲ್ಲಿರಲಿಲ್ಲ. ಮದುವೆಯಾದಂದಿನಿಂದ ಆಕೆ ಬಾಗಿಲ ಮರೆಯಲ್ಲಿ ನಿಂತೇ ಬಡಿಸಿದ್ದರು. ಅತ್ತೆ ಎದ್ದು ಒಳಗೆ ಹೋದರು.

ಮರುದಿನ ಮಾವ ಬಣ್ಣ ಕಲಸಿದರು. ಸಂಜೆಗೆ ಬಟ್ಟೆಯ ಮೇಲೆ ಅರ್ಧ ತೆರೆದ ಬಾಗಿಲಿತ್ತು. ಅದರ ಮರೆಯಿಂದ ಚಾಚಿದ ಒಂದು ಕೈ, ಕೈಯಲ್ಲಿ ತುಪ್ಪದ ಮಿಳ್ಳೆ.

ಅತ್ತೆ ಹತ್ತಿರ ಬಂದು, ಬಗ್ಗಿ ಆ ಕೈಯ ಬೆರಳುಗಳನ್ನು ನೋಡಿದರು.

"ಅವ್ವನ ಕಿರುಬೆರಳು ಸೊಟ್ಟಗಿತ್ತು ಅಂತ ನಿಮ್ಗೆಂಗೆ ಗೊತ್ತು?"

"ಆ ಕೈ ನೋಡ್ಕೊಂಡೇ ಅಲ್ವಾ ಇಷ್ಟು ವರ್ಷ ಉಂಡಿದ್ದು" ಎಂದರು ಮಾವ.