ಸೀಲಿಂಗಿಗೆ ಎಲೆ ಅಂಟಿಸಿದ ಅತ್ತೆ

ನಮ್ಮ ಸೋದರತ್ತೆ ಸೆರಗು ಸಿಕ್ಕಿಸಿ ಒಂದು ಕೆಲಸಕ್ಕೆ ನಿಂತಳೆಂದರೆ ಅವಳನ್ನು ತಡೆಯುವವರು ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಇನ್ನೂ ಹುಟ್ಟಿಲ್ಲ. ಪಕ್ಕದ ಹುಣಸೂರಿನಲ್ಲಿ ಹುಟ್ಟಿದವಳು ನಾನೊಬ್ಬಳಿದ್ದೇನೆ. ನನ್ನ ಕೈಲೂ ಆಗಲಿಲ್ಲ. ಆಗಿದ್ದರೆ, ಮಕ್ಕಳಿಗೆ ಪಾಠ ಹೇಳುವ ನಾನು ದಸರಾ ರಜೆಯಲ್ಲಿ ಹಾಯಾಗಿ ಮಲಗುವುದು ಬಿಟ್ಟು, ತಲೆಯ ಮೇಲೆ ಮೈದಾ ಅಂಟು ಸುರಿಸಿಕೊಂಡು ಅವಳ ಮನೆಯ ಸೀಲಿಂಗಿಗೆ ವಾಲ್‌ಪೇಪರ್ ಅಂಟಿಸುತ್ತಿದ್ದೆನೇ?

ಅತ್ತೆಯ ಮನೆಯವರದು ತಂಬಾಕು ಬೇಸಾಯ. ಸೊಪ್ಪನ್ನು ಕೋಲುಗಳಿಗೆ ಕಟ್ಟಿ ನೇತುಹಾಕಿ, ಬೆಂಕಿಯ ಬಿಸಿಯಲ್ಲಿ ಹದ ಮಾಡುವ ಎತ್ತರದ ಕೋಣೆಗೆ ಬ್ಯಾರನ್ ಅನ್ನುತ್ತಾರೆ. ಅತ್ತೆಯ ಪಾಲಿಗೆ ಅದೇ ಸರ್ವರೋಗಕ್ಕೂ ಮದ್ದು. ಹಪ್ಪಳ ಒಣಗಲಿಲ್ಲವೇ? ಬ್ಯಾರನ್ನಿಗೆ ಹಾಕು! ಏಳನೇ ಕ್ಲಾಸಿನಲ್ಲಿ ಮಳೆಗೆ ನೆಂದ ನನ್ನ ಪುಸ್ತಕಗಳನ್ನು ಕೋಲಿಗೆ ಕಟ್ಟಿ ಸೊಪ್ಪಿನ ಪಕ್ಕದಲ್ಲೇ ಒಣಗಿಸಿಕೊಟ್ಟಿದ್ದಳು. ಆ ವರ್ಷವಿಡೀ ನನ್ನ ಸಮಾಜ ಪುಸ್ತಕ ತೆರೆದಾಗಲೆಲ್ಲ ಮೇಷ್ಟ್ರು ಸೀನುತ್ತಿದ್ದರು.

ಅವಳ ಗಂಡ, ಅಂದರೆ ನಮ್ಮ ಮಾವ, ಇನ್ನೊಂದು ಮಾದರಿ. ಅವರು ಬಾಯಿ ತೆರೆಯುತ್ತಿದ್ದುದೇ ತಪ್ಪು ಹೇಳುವುದಕ್ಕೆ. ಮುದ್ದೆ ಮೆತ್ತಗಾದರೆ ಗಟ್ಟಿಯಿರಬೇಕಿತ್ತು, ಗಟ್ಟಿಯಾದರೆ ಮೆತ್ತಗಿರಬೇಕಿತ್ತು. ಅತ್ತೆ ಬಣ್ಣ ನೋಡಿ ವಿಂಗಡಿಸಿದ ಸೊಪ್ಪಿನ ರಾಶಿಯಲ್ಲಿ ಒಂದು ಎಲೆ ಹೆಚ್ಚುಕಮ್ಮಿಯಾಗಿದ್ದರೆ ಜಗುಲಿಯಿಂದಲೇ ಪತ್ತೆ ಹಚ್ಚುತ್ತಿದ್ದರು. ನಲವತ್ತು ವರ್ಷದ ಸಂಸಾರದಲ್ಲಿ ಅತ್ತೆಗೆ ಒಂದು ಭೇಷ್ ಸಿಕ್ಕಿದ್ದನ್ನು ಕಂಡವರಿಲ್ಲ.

ಅಂಥ ಮಾವ ಕಳೆದ ವರ್ಷ ಬ್ಯಾರನ್ನಿನ ಅಡ್ಡಗಳುವಿನ ಮೇಲೆ ಕಾಲು ಅಗಲಿಸಿ ನಿಂತು ಸೊಪ್ಪು ತುಂಬುವಾಗ ಜಾರಿ ಬಿದ್ದರು. ಸೊಂಟದ ಹತ್ತಿರ ಮೂಳೆ ಮುರಿಯಿತು. ಮೈಸೂರಿನಲ್ಲಿ ಆಪರೇಷನ್ ಆಗಿ ಮನೆಗೆ ಬಂದವರು ಅಂಗಾತ ಮಲಗಿ, ಸೀಲಿಂಗಿನಲ್ಲಿದ್ದ ಹಳೆಯ ಸೋರಿಕೆಯ ಕಲೆಯನ್ನೇ ನೋಡುತ್ತ ಮಾತು ನಿಲ್ಲಿಸಿಬಿಟ್ಟರು. ದಿನಕ್ಕೆರಡು ಸಲ ಮಂಡಿ ಮಡಿಸಬೇಕು, ಎದ್ದು ಕೂರಲು ನೋಡಬೇಕು, ಅವರಾಗಿ ಮನಸ್ಸು ಮಾಡದಿದ್ದರೆ ಕಾಲು ಹಾಗೇ ಬಿಗಿದುಕೊಳ್ಳುತ್ತದೆ ಎಂದು ಡಾಕ್ಟರು ಹೇಳಿದ್ದರು. ಮಾವ ಮನಸ್ಸೂ ಮಾಡಲಿಲ್ಲ, ಮಂಡಿಯನ್ನೂ ಮಡಿಸಲಿಲ್ಲ. ಹದಿನೈದು ದಿನ ಕಳೆಯಿತು. ಉಪ್ಪಿಲ್ಲದ ಸಾರನ್ನು ಅವರು ತುಟಿ ಪಿಟಕ್ಕೆನ್ನದೆ ಉಂಡ ದಿನ ಅತ್ತೆ ಹೆದರಿದಳು.

ಮಾರನೆಯ ದಿನವೇ, ರಜೆಗೆ ಬಂದಿದ್ದ ನನ್ನನ್ನು ಎಳೆದುಕೊಂಡು ವಾಲ್‌ಪೇಪರ್ ಅಂಗಡಿಗೆ ಹೊರಟಳು. ಅಂಗಡಿಯವನು ನೀಲಿ ಆಕಾಶ, ಬಿಳಿ ಮೋಡದ ಕಾಗದ ಬಿಚ್ಚಿ ತೋರಿಸಿದ. ರೈತನ ಕಣ್ಣಿಗೆ ಮಳೆ ಸುರಿಸದ ಮೋಡ ಯಾಕೆ ಎಂದು ಅತ್ತೆ ಅದನ್ನು ಸುರುಳಿ ಸುತ್ತಿಸಿದಳು. ಆರಿಸಿದ್ದು ಅಗಲವಾದ ಹಸಿರು ಎಲೆಗಳ ಡಿಸೈನು. ಇದನ್ನೆಲ್ಲ ಗೋಡೆಗೆ ಅಂಟಿಸುತ್ತಾರಮ್ಮ, ಸೀಲಿಂಗಿಗಲ್ಲ ಎಂದು ಅವನು ತಿಳಿಹೇಳಲು ನೋಡಿದ.

"ನಮ್ಮನೆಯವ್ರ ಕಣ್ಣಿರೋದು ಮ್ಯಾಲಕ್ಕೆ ಕಣಪ್ಪ," ಅಂದಳು ಅತ್ತೆ. "ಗ್ವಾಡೆ ಕಟ್ಕಂಡು ನಾನೇನ್ ಮಾಡ್ಲಿ?"

ಊರಿನ ಪೇಂಟರ್ ಕಲೆ ಕೆರೆದು ಪುಟ್ಟಿ ಬಳಿದುಕೊಟ್ಟ. ಕಾಗದ ಅಂಟಿಸುವ ಮಾತೆತ್ತಿದೊಡನೆ ಏಣಿಯನ್ನು ಅಲ್ಲೇ ಬಿಟ್ಟು ಮಾಯವಾದ. ಅತ್ತೆ ಜಗ್ಗುವವಳೇ? ಅಂಗಡಿಯ ಅಂಟಿನ ಪುಡಿಯನ್ನು ನಂಬದೆ ಮೈದಾ ಕುದಿಸಿ, ಹುಳ ಹಿಡಿಯದಿರಲಿ ಎಂದು ಮೈಲುತುತ್ತ ಬೆರೆಸಿ ಒಂದು ಹಂಡೆ ಅಂಟು ಮಾಡಿದಳು. ಮಾವನ ಮಂಚವನ್ನು ನಡುಮನೆಗೆ ಸಾಗಿಸಿದೆವು. ಕಾಗದದ ಮೊದಲ ಪಟ್ಟಿ ಹೇಗೋ ಮೇಲೆ ಹತ್ತಿ ಕೂತಿತು. ಇಷ್ಟಕ್ಕೇ ಸುಮ್ಮನಿದ್ದಿದ್ದರೆ ಅವಳು ನಮ್ಮ ಅತ್ತೆ ಹೇಗಾದಾಳು! ಹಸಿ ಇದೆ, ಹದ ಆಗಬೇಕು ಎಂದು ಕಿಟಕಿ ಬಾಗಿಲು ಬಿಗಿದು, ಕೋಣೆಯೊಳಗೆ ಕೆಂಡದ ಒಲೆ ಇಟ್ಟು, ಥೇಟ್ ಬ್ಯಾರನ್ನಿನಂತೆ ಮೊದಲು ಸಣ್ಣ ಬಿಸಿ, ಆಮೇಲೆ ದೊಡ್ಡ ಬಿಸಿ ಕೊಟ್ಟಳು. ಹೊತ್ತು ಕಳೆದು ಬಾಗಿಲು ತೆಗೆದು ನಾನು ತಲೆ ಹಾಕುವುದಕ್ಕೂ ಇಡೀ ಪಟ್ಟಿ ಗರಿಗರಿಯಾಗಿ ಮುರುಟಿ ನನ್ನ ನೆತ್ತಿಯ ಮೇಲೆ ಬೀಳುವುದಕ್ಕೂ ಸರಿಹೋಯಿತು.

ಅತ್ತೆ ಅದನ್ನು ಎತ್ತಿಕೊಂಡು ಬೆರಳಲ್ಲಿ ಉಜ್ಜಿ ನೋಡಿದಳು. "ಸೊಪ್ಪಾಗಿದ್ರೆ ಒಳ್ಳೆ ಬಣ್ಣ ಬತ್ತಿತ್ತು ಕಣವ್ವ," ಎಂದು ನಿಟ್ಟುಸಿರು ಬಿಟ್ಟಳು.

ಕೈ ಬಿಟ್ಟಳೆಂದುಕೊಂಡಿರಾ? ಬೆಳಗ್ಗೆ ಏಳುವಷ್ಟರಲ್ಲಿ ಎರಡು ಏಣಿಯ ನಡುವೆ ಹಲಗೆ ಹಾಸಿತ್ತು. ಈ ಸಲ ಒಲೆಯಿಲ್ಲ. ಅಂಟು ಬಳಿದ ಕಾಗದವನ್ನು ಸೀರೆಯ ನೆರಿಗೆಯ ಹಾಗೆ ಮಡಿಸಿ ತಂಬಾಕಿನ ಕೋಲಿನ ಮೇಲೆ ಹಾಕಿದಳು. ನಾನು ಕೋಲು ಎತ್ತಿ ಹಿಡಿದು ಹಲಗೆಯ ಮೇಲೆ ಹಿಂದೆ ಹಿಂದೆ ಸರಿಯಬೇಕು, ಅವಳು ಒಂದೊಂದೇ ನೆರಿಗೆ ಬಿಡಿಸಿ ಬಟ್ಟೆಯಲ್ಲಿ ಒತ್ತುತ್ತ ಬರಬೇಕು. ಪಟ್ಟಿಗಳು ಸರಸರನೆ ಕೂತವು! ಮೂರು ದಿನ ನನ್ನ ಕತ್ತು ಮಾತ್ರ ಮೇಲೇ ನೋಡುತ್ತಿತ್ತು, ಕೆಳಗಿಳಿಯಲು ಒಪ್ಪಲಿಲ್ಲ.

ಮಂಚದ ನೇರಕ್ಕೆ ಬರುವ ಕೊನೆಯ ಪಟ್ಟಿಯಲ್ಲಿ ಒಂದು ಎಡವಟ್ಟಾಯಿತು. ಎಲ್ಲ ಎಲೆಗಳ ತುದಿ ಕಿಟಕಿಯ ಕಡೆಗಿದ್ದರೆ ಇದರ ತುದಿ ಬಾಗಿಲ ಕಡೆಗೆ. ಉಲ್ಟಾ ಆಯಿತಲ್ಲ ಅತ್ತೆ ಎಂದೆ.

"ನಂಗೂ ಕಣ್ಣವೆ. ನೀನು ಕೋಲು ನೆಟ್ಗೆ ಹಿಡ್ಕೊ," ಅಂದಳು. ದಣಿದಿದ್ದಾಳೆ ಎಂದುಕೊಂಡು ಕೋಲು ನೆಟ್ಟಗೆ ಹಿಡಿದೆ.

ಎಲ್ಲ ಒಣಗಿದ ಮೇಲೆ ಮಾವನನ್ನು ಕೋಣೆಗೆ ತಂದು ಮಲಗಿಸಿದೆವು. ಅವರು ಮೇಲೆ ನೋಡಿದರು. ಅತ್ತೆ ಪಕ್ಕದಲ್ಲಿ ಕೂತು ಬೆಳ್ಳುಳ್ಳಿ ಸುಲಿಯತೊಡಗಿದಳು. ಒಂದು ಗಡ್ಡೆ ಮುಗಿಯಿತು, ಎರಡು ಮುಗಿಯಿತು. ಮಾವನ ಹುಬ್ಬು ಮೆಲ್ಲಗೆ ಗಂಟಿಕ್ಕಿತು.

"ಲೇ, ಈ ಪಟ್ಟಿ ತಿರುಗಾಮುರುಗಾ ಆಗದೆ ಕಣೆ. ಎಲ್ಲಿಟ್ಟಿದ್ದೆ ಕಣ್ಣ?"

ಅತ್ತೆ ತಲೆಯೆತ್ತಲಿಲ್ಲ. "ಅಂಗಾ? ನಾಳೆ ಪೇಂಟರ್ನ ಕರ್ಸಿ ಕೀಳಿಸ್ತೀನಿ ಬುಡಿ."

"ಅವ್ನ ಕೈಗ್ ಕೊಟ್ರೆ ಎಲ್ಲಾನೂ ಕೆಡುಸ್ತಾನೆ. ಸುಮ್ಕಿರು. ನಾ ಎದ್ಮೇಲೆ ನಾನೇ ಸರಿ ಮಾಡ್ತೀನಿ."

ನಾ ಎದ್ಮೇಲೆ! ಅತ್ತೆ ಸುಲಿದ ಬೆಳ್ಳುಳ್ಳಿಯನ್ನೂ ಸಿಪ್ಪೆಯನ್ನೂ ಒಟ್ಟಿಗೇ ಮಡಿಲಿಗೆ ಸುರಿದುಕೊಂಡು ಅಡುಗೆಮನೆಗೆ ನಡೆದಳು. ಹಿಂದೆಯೇ ಹೋದೆ. ಒಲೆಯ ಕಡೆ ಮುಖ ಮಾಡಿ ನಿಂತಿದ್ದಳು. ಬೇಕೆಂದೇ ಹಾಗೆ ಅಂಟಿಸಿದೆಯಾ ಎಂದು ಕೇಳಿದೆ.

"ತಪ್ಪಿಲ್ದಿದ್ರೆ ನಿಮ್ಮಾವ ಬಾಯಿ ಬುಡ್ತಾರೇನವ್ವ?" ಅಂದಳು. ದನಿ ಒದ್ದೆಯಾಗಿತ್ತು. ಅಂದು ಸಂಜೆ ಮಾವ ಬೈದುಕೊಂಡೇ ಮೊದಲ ಸಲ ಮಂಡಿ ಮಡಿಸಿದರು.

ಮೊನ್ನೆ ಮತ್ತೆ ಹೋಗಿದ್ದೆ. ಪಟ್ಟಿ ಇನ್ನೂ ಉಲ್ಟಾ ಇದೆ. ಬೆಳಗ್ಗೆ ಮಾವ ಊರುಗೋಲು ಹಿಡಿದು ತುಳಸಿಕಟ್ಟೆಯವರೆಗೂ ನಡೆದುಬಂದು, ರಂಗೋಲಿಯಲ್ಲಿ ಒಂದು ಚುಕ್ಕಿ ಬಿಟ್ಟುಹೋಗಿದೆ ಎಂದು ಅತ್ತೆಯನ್ನು ಗದರಿದರು. ಎಣಿಸಿ ನೋಡಿದೆ, ನಿಜವಾಗಿಯೂ ಬಿಟ್ಟುಹೋಗಿತ್ತು.

ಮಾರನೆಯ ದಿನ ಅತ್ತೆ ರಂಗೋಲಿಯನ್ನು ತುಳಸಿಕಟ್ಟೆಯಿಂದ ಇನ್ನೂ ಇಪ್ಪತ್ತು ಹೆಜ್ಜೆ ಆಚೆ, ಗೇಟಿನ ಹತ್ತಿರ ಹಾಕಿದಳು. ಅದರಲ್ಲೂ ಒಂದು ಚುಕ್ಕಿ ಇರಲಿಲ್ಲ.