ಬಲಗಡೆಯ ಪಟ್ಟಿ

ತಿಪಟೂರಿನ ಕಚೇರಿಯಲ್ಲಿ ವರ್ಗಾವಣೆ ಅರ್ಜಿ ಕೊಟ್ಟು ಹೊರಗೆ ಬಂದ ಹಾಲಸ್ವಾಮಿ ಮೇಷ್ಟ್ರಿಗೆ ಮಾವನ ಮೋಟಾರ್‌ಸೈಕಲ್ಲಿನ ಪೆಟ್ರೋಲ್ ಟ್ಯಾಂಕು ಒಂದು ಕಡೆ ಬೋಳಾಗಿ ಕಂಡಿತು. ಎಡಗಡೆ ನಿಕ್ಕಲ್ ಪಟ್ಟಿ ಮಿರಮಿರನೆ ಹೊಳೆಯುತ್ತಿತ್ತು. ಬಲಗಡೆ ಪಟ್ಟಿಯೇ ಇರಲಿಲ್ಲ. ಅದನ್ನು ಹಿಡಿಯುವ ಎರಡು ತಿರುಪಿನ ಗುಳಿಗಳು ಮಾತ್ರ ಅವನನ್ನೇ ದುರುಗುಟ್ಟಿ ನೋಡುತ್ತಿದ್ದವು.

ಮದುವೆಯಾಗಿ ಇನ್ನೂ ಮೂರು ತಿಂಗಳು. ಬಿಳಿಗೆರೆಯ ಮಾವ ಬಸವರಾಜಪ್ಪನವರು ಆ ಗಾಡಿಯನ್ನು ಸ್ವಾತಂತ್ರ್ಯ ಬಂದ ವರ್ಷ ತನ್ನ ದೇಶಕ್ಕೆ ಹೊರಟಿದ್ದ ಯಾರೋ ಬಿಳಿಯ ದೊರೆಯಿಂದ ಕೊಂಡವರು. ಇಪ್ಪತ್ತೇಳು ವರ್ಷ ಹೆತ್ತ ಮಗನಿಗೂ ಮುಟ್ಟಗೊಟ್ಟಿರಲಿಲ್ಲ. ಬೆಳಿಗ್ಗೆ ಬಸ್ಸು ತಪ್ಪಿತೆಂದು ಅಳಿಯನಿಗೆ ಕೊಟ್ಟಿದ್ದೇ ಊರಿಗೆಲ್ಲ ಸುದ್ದಿಯಾಗಿತ್ತು. ಹಾಲಸ್ವಾಮಿ ಬಂದ ದಾರಿಯಲ್ಲೇ ಎರಡು ಮೈಲಿ ಹಿಂದಕ್ಕೆ ಹೋಗಿ ಹುಡುಕಿದ. ಪಟ್ಟಿ ಸಿಗಲಿಲ್ಲ. ಚಿಪ್ಪಿನೊಳಗೆ ಒಣಗಿದ ಕೊಬ್ಬರಿ ಲೊಡಲೊಡನೆ ಅಲ್ಲಾಡುವಂತೆ ಅವನ ಎದೆ ಅಲ್ಲಾಡತೊಡಗಿತು.

ತಿಪಟೂರಿಗೇ ಮರಳಿ ಗಾಡಿಯನ್ನು ರಿಪೇರಿ ಅಂಗಡಿಗೆ ಒಯ್ದ. ಅಲ್ಲಿಯ ಮೆಕ್ಯಾನಿಕ್ ಸಣ್ಣತಿಮ್ಮಯ್ಯ ಎಂಥದೋ ಹಳೆಯ ಕಾರಿನ ಪಟ್ಟಿಯನ್ನು ಕತ್ತರಿಸಿ, ಬಗ್ಗಿಸಿ, ಉಜ್ಜಿ, ಎಡಗಡೆಯದಕ್ಕೆ ಸರಿಜೋಡಿ ಮಾಡಿದ. ಮುಂದಿನ ತಿರುಪು ಕೂತಿತು. ಹಿಂದಿನದು ಕೂರಲಿಲ್ಲ. ಪಕ್ಕದ ಹೋಟೆಲಿನ ದೊಡ್ಡರಂಗಯ್ಯ ಕೈಯೊರೆಸಿಕೊಳ್ಳುತ್ತ ಬಂದು, ಇನ್ನೊಂದು ಸುತ್ತು ಬಿಗಿಯಾಗಿ ತಿರುಗಿಸಬೇಕೆಂದು ಸಲಹೆ ಕೊಟ್ಟ. ಸಣ್ಣತಿಮ್ಮಯ್ಯ ಹಲ್ಲು ಕಚ್ಚಿ ತಿರುಗಿಸಿದ. ಒಳಗೆ ಏನೋ ಪಟ್ಟೆಂದಿತು. ತಿರುಪಿನ ಬುಡದಿಂದ ಪೆಟ್ರೋಲು ಒಸರಿತು.

ಹಾಲಸ್ವಾಮಿ ಪಕ್ಕದ ಹೋಟೆಲಿನ ಒಲೆಯನ್ನೂ ಕೆಳಗಿನ ಪೆಟ್ರೋಲನ್ನೂ ನೋಡಿ ಗಾಡಿಯನ್ನು ಬೀದಿಗೆ ಎಳೆದ. ದೊಡ್ಡರಂಗಯ್ಯ ಬಚ್ಚಲಿನಿಂದ ಬಟ್ಟೆ ಸೋಪಿನ ತುಂಡು ತಂದುಕೊಟ್ಟ. ಅದನ್ನು ಮಿದ್ದು ತಿರುಪಿನ ಸುತ್ತ ಮೆತ್ತಿದ ಮೇಲೆ ಒಸರುವುದು ನಿಂತಿತು.

"ಎಷ್ಟೊತ್ತು ತಡೀತದಪ್ಪಾ?" ಎಂದ ಹಾಲಸ್ವಾಮಿ.

"ಊರು ಮುಟ್ತೀರ ಕಣ್ರೀ ಮೇಷ್ಟ್ರೇ. ಬೆಂಕಿ ಮಾತ್ರ ಹತ್ರ ಬುಟ್ಕಬೇಡಿ," ಎಂದ ಸಣ್ಣತಿಮ್ಮಯ್ಯ.

ದಾರಿಯುದ್ದಕ್ಕೂ ಹಾಲಸ್ವಾಮಿ ರಸ್ತೆಗಿಂತ ತನ್ನ ಬಲ ಮೊಣಕಾಲ ಪಕ್ಕದ ಸೋಪನ್ನೇ ಹೆಚ್ಚು ನೋಡಿದ. ಎದುರಿಗೆ ಬೀಡಿ ಸೇದುವವರು ಕಂಡರೆ ರಸ್ತೆಯ ಆಚೆ ಅಂಚಿಗೆ ಹೋಗುತ್ತಿದ್ದ. ಬಿಳಿಗೆರೆ ಮುಟ್ಟಿದಾಗ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು. ಮಾವ ಕೊಬ್ಬರಿ ಅಟ್ಟದ ಕೆಳಗೇ ಗಾಡಿ ನಿಲ್ಲಿಸಲು ಹೇಳಿದರು. ಮೇಲೆ ಇಡೀ ವರ್ಷದ ಕಾಯಿ ಒಣಗುತ್ತಿತ್ತು.

ಬಸವರಾಜಪ್ಪನವರು ಗಾಡಿಯನ್ನು ಒಂದು ಸುತ್ತು ಹಾಕಿ ಬಲಗಡೆ ನಿಂತುಬಿಟ್ಟರು. ಇದನ್ನು ಯಾರು ಹಾಕಿಸಿದ್ದೆಂದು ಕೇಳಿದರು. ಹಾಲಸ್ವಾಮಿ ನಾಲಿಗೆ ಒಣಗಿಸಿಕೊಂಡು, ದಾರಿಯಲ್ಲಿ ಪಟ್ಟಿ ಬಿದ್ದುಹೋಯಿತೆಂದೂ ತಾನೇ ಹೊಸದು ಹಾಕಿಸಿದೆನೆಂದೂ ತೊದಲಿದ.

"ಬಿದ್ದೋಗಿಲ್ಲ ಅಳಿಯಂದ್ರೇ. ಕಿಕ್ ಹೊಡೆಯುವಾಗ ಪಂಚೆ ಸಿಕ್ಕಾಕ್ಕಂಡು ಹರೀತಿತ್ತು ಅಂತ ನಾನೇ ಮೊನ್ನೆ ಬಿಚ್ಚಾಕಿದ್ದೆ."

ಹಾಲಸ್ವಾಮಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮಾವನವರ ಕಣ್ಣು ಮಾತ್ರ ಒದ್ದೆಯಾಗಿತ್ತು. ಹೆತ್ತ ಮಗನಿಗೂ ತಮ್ಮ ಗಾಡಿಯ ಮೇಲೆ ಇಷ್ಟು ಮಮತೆ ಇರಲಿಲ್ಲವೆಂದರು. ಅಂಗಳದಲ್ಲಿದ್ದ ತಮ್ಮ ಹೆಂಡತಿ ಮೀನಾಕ್ಷಮ್ಮನನ್ನೂ ಮಗಳನ್ನೂ ಕರೆದು, ಇಬ್ಬರ ಎದುರಿಗೇ ಅಳಿಯನ ಬೆನ್ನು ತಟ್ಟಿದರು.

"ಇವತ್ತಿಂದ ಈ ಗಾಡಿ ನಿಮ್ದೇ. ನನ್ ಮಾತು ಮಾತೇ," ಎಂದರು.

ಹಾಗೆಂದವರು ನೆಮ್ಮದಿಯಾಗಿ ಟ್ಯಾಂಕಿಗೆ ಒರಗಿ, ಬೀಡಿ ಬಾಯಿಗಿಟ್ಟು, ಕಡ್ಡಿ ಗೀರಿದರು.

ಹಾಲಸ್ವಾಮಿ ಕಿಟಾರನೆ ಕಿರುಚಿ ಮಾವನ ಕೈ ಮೇಲೆ ಎಗರಿದ. ಕಡ್ಡಿ, ಬೀಡಿ, ಮಾವ ಮೂರೂ ಅಂಗಳಕ್ಕೆ ಬಿದ್ದವು. ಕಡ್ಡಿಯನ್ನು ತುಳಿದು ತುಳಿದು ಆರಿಸುತ್ತಲೇ ಅವನು ತಿರುಪು, ತೂತು, ಸೋಪು ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿಬಿಟ್ಟ.

ಬಸವರಾಜಪ್ಪನವರು ಎದ್ದು ಪಂಚೆ ಕೊಡವಿಕೊಂಡರು. ಟ್ಯಾಂಕಿನ ಬುಡಕ್ಕೆ ಬೆರಳಿಟ್ಟು ಮೂಸಿದರು. ತಲೆಯೆತ್ತಿ ಅಟ್ಟದ ಮೇಲಿನ ಕಾಯಿಯನ್ನು ನೋಡಿದರು.

ಹಾಲಸ್ವಾಮಿ ಮೆಲ್ಲಗೆ, ಗಾಡಿ ಬೇಡ, ನೀವೇ ಇಟ್ಟುಕೊಳ್ಳಿ ಮಾವ ಎಂದ.

"ಕೊಟ್ಟ ಮಾತು ವಾಪಸ್ ತಗಳೋನಲ್ಲ ನಾನು," ಎಂದರು ಬಸವರಾಜಪ್ಪನವರು. "ನಿಮ್ಮ ಗಾಡಿ ನನ್ನ ಅಟ್ಟದ ಕೆಳಗೆ ಇರಂಗಿಲ್ಲ. ಈಗ್ಲೇ ತಿಪಟೂರಿಗೆ ತಳ್ಕಂಡ್ ಹೋಗಿ."