ಯಾರೂ ಒತ್ತದ ಎರಡನೇ ಕ್ಲಿಕ್ಕು

ಮಸ್ಕಿ,
ಫೆಬ್ರವರಿ ೩

ಮನೆಯ ನಕ್ಷೆ ಬರೆಯುವ ಸಾಫ್ಟ್‌ವೇರ್ ಮಾಡಿ ಮಾರುವ ಕಂಪನಿಯ ಯಜಮಾನರಿಗೆ,

ಮಾನ್ಯರೇ,

ಮೊದಲು ತಮಗೂ ತಮ್ಮ ಮನೆಯವರಿಗೂ ಶರಣು. ಅದು ಮುಗಿಯಿತು. ಇನ್ನು, ಈ ವಯಸ್ಸಿನಲ್ಲಿ ನನ್ನನ್ನು ಪತ್ರ ಬರೆಯಲು ಕೂರಿಸಿದ್ದಕ್ಕೆ ತಮ್ಮ ಮೇಲೆ ನನಗೆ ಸಿಟ್ಟಿದೆ. ನಾಲ್ಕನೇ ತರಗತಿಗೆ ಶಾಲೆ ಬಿಟ್ಟು ಕರಣಿ ಹಿಡಿದ ಗೌಂಡಿ ನಾನು. ಗಾರೆ ಮೆತ್ತಿದಷ್ಟು ಸಲೀಸಾಗಿ ನನಗೆ ಅಕ್ಷರ ಬರುವುದಿಲ್ಲ. ಆದರೆ ತಮ್ಮ ಸಹಾಯವಾಣಿಗೆ ಆರು ಸಲ ಫೋನ್ ಮಾಡಿದೆ. ಒಂದು ಒತ್ತಿ, ಮೂರು ಒತ್ತಿ ಎನ್ನುವ ಆ ಹೆಣ್ಣುಮಗಳ ದನಿ ಬಹಳ ಮರ್ಯಾದೆಯದು, ನಾವು ಬೈದರೂ ತಿರುಗಿ ಒಂದು ಮಾತು ಆಡುವುದಿಲ್ಲ, ಬೈದದ್ದು ಮುಟ್ಟುವುದೂ ಇಲ್ಲ. ಆದ್ದರಿಂದ ನಾಲ್ಕು ಜನ ಓದಲಿ ಎಂದು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ನನ್ನ ಮಗಳು ಅಮರೇಶ್ವರಿ ಮಸ್ಕಿಯಲ್ಲಿ ಮನೆಗಳ ನಕ್ಷೆ ಬರೆದುಕೊಡುವ ಅಂಗಡಿ ಇಟ್ಟಿದ್ದಾಳೆ. ಮೊಣಕಾಲು ಹೋದ ಮೇಲೆ ನಾನು ಸಂತೆಕಲ್ಲೂರಿನಿಂದ ದಿನಾ ಬಸ್ಸಿನಲ್ಲಿ ಬಂದು ಅವಳ ಪಕ್ಕ ಕೂರುತ್ತೇನೆ. ಅವಳು ಗೆರೆ ಎಳೆಯುತ್ತಾಳೆ, ಬಾಗಿಲು ಎಲ್ಲಿ, ಕಿಟಕಿ ಎಲ್ಲಿ, ನೀರು ಯಾವ ಕಡೆ ಹರಿಯಬೇಕು ಎಂದು ನಾನು ಹೇಳುತ್ತೇನೆ. ಇದೇ ನಮ್ಮ ವ್ಯವಹಾರ, ನಾಲ್ಕು ವರ್ಷ ನೆಟ್ಟಗೆ ನಡೆಯಿತು.

ದೀಪಾವಳಿಗೆ ಸಿಂಧನೂರಿನಿಂದ ಹೊಸ ಲ್ಯಾಪ್‌ಟಾಪ್ ತಂದು ಅದರಲ್ಲಿ ತಮ್ಮ ಸಾಫ್ಟ್‌ವೇರ್ ಹಾಕಿಸಿದೆವು. ಅಲ್ಲಿಂದ ಶುರು. ಅವಳು ಬಾಗಿಲಿನ ಒಂದು ಅಂಚು ಹಿಡಿದು ಸರಿಸಲು ಒಮ್ಮೆ ಕ್ಲಿಕ್ ಮಾಡಿದರೆ, ಯಾರೂ ಒತ್ತದ ಇನ್ನೊಂದು ಕ್ಲಿಕ್ಕು ತಾನಾಗಿ ಬಿದ್ದು, ಅಂಚು ಬೇರೆಲ್ಲೋ ಹೋಗಿ ಕೂರುತ್ತದೆ. ನನ್ನ ಮನೆಯಲ್ಲಿ ಎರಡು ಸಲ ಹೇಳಿದ್ದನ್ನು ಒಂದು ಸಲವೂ ಯಾರೂ ಕೇಳುವುದಿಲ್ಲ. ತಮ್ಮ ಯಂತ್ರವೋ ಒಂದು ಸಲ ಹೇಳಿದ್ದನ್ನು ಎರಡು ಸಲ ಕೇಳುತ್ತದೆ. ಇಂಥ ವಿಧೇಯತೆಗೆ ಸನ್ಮಾನ ಮಾಡಬೇಕು. ಶಾಲು ನಾನೇ ತರುತ್ತೇನೆ.

ಆ ದನಿಯನ್ನು ದಾಟಿದ ಮೇಲೆ ಫೋನಿಗೆ ಸಿಕ್ಕ ತಮ್ಮವರು ಮೌಸ್ ಬದಲಿಸಿ ಎಂದರು, ಬದಲಿಸಿದೆವು. ಅದರ ಕೆಳಗಿನ ಮ್ಯಾಟ್ ಬದಲಿಸಿ ಎಂದರು, ಅದೂ ಆಯಿತು. ಸಾಫ್ಟ್‌ವೇರನ್ನೇ ತೆಗೆದು ಮತ್ತೆ ಹಾಕಿ ಎಂದರು. ಅದಕ್ಕೆ ಒಂದು ಇಡೀ ಸೋಮವಾರ ಹೋಯಿತು. ಕೊನೆಗೆ ನನ್ನ ಹೆಂಡತಿ ಆದಮ್ಮ ಬಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಹೋದಳು. ತಮ್ಮವರ ಉಪಾಯಗಳಿಗೂ ಆಕೆಯದಕ್ಕೂ ಫಲದಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ, ಆಕೆಯದು ಬೇಗ ಮುಗಿಯಿತು ಅಷ್ಟೆ.

ಇಲ್ಲಿಯವರೆಗೆ ನಗಬಹುದು. ಲಿಂಗಸುಗೂರಿನ ಸರ್ದಾರಬಿ ಮನೆ ಕಟ್ಟಿಸುತ್ತಿದ್ದಾಳೆ. ಅವಳ ಗಂಡ ಹುಸೇನ್‌ಸಾಬ್ ನನ್ನ ಜೊತೆ ಇಪ್ಪತ್ತು ವರ್ಷ ಕೆಲಸ ಮಾಡಿದವನು, ಕಟ್ಟಡದ ಸಾರುವೆಯಿಂದ ಬಿದ್ದು ಈಗ ಗಾಲಿಕುರ್ಚಿಯಲ್ಲಿದ್ದಾನೆ. ನಮ್ಮ ಕಡೆ ಮನೆ ಕಟ್ಟಿಸುವವರು ಅಳತೆಯನ್ನು ಬಾಯಲ್ಲಿ ಹೇಳುವುದಿಲ್ಲ, ದಾರದಲ್ಲಿ ಗಂಟು ಹಾಕಿ ತರುತ್ತಾರೆ. ಮಂಚಕ್ಕೊಂದು ಗಂಟು, ಕಪಾಟಿಗೊಂದು ಗಂಟು. ಸರ್ದಾರಬಿ ಗಾಲಿಕುರ್ಚಿಯ ಅಗಲದ ಜೊತೆಗೆ ಚಕ್ರ ತಿರುಗಿಸುವ ಅವನ ಕೈಗಳಿಗೂ ಜಾಗ ಬಿಟ್ಟು ಗಂಟು ಹಾಕಿ ತಂದಿದ್ದಳು. ಆ ದಾರದ ಪ್ರಕಾರವೇ ಬಚ್ಚಲಮನೆಯ ಬಾಗಿಲು ಬರೆದೆವು. ಕಾಗದ ಹಿಡಿದು ಜಾಗಕ್ಕೆ ಹೋಗಿ ಸುಣ್ಣದ ಗೆರೆ ಹಾಕಿಸಿದೆ. ಹುಸೇನ್‌ಸಾಬ್ ಕುರ್ಚಿ ತಳ್ಳಿಕೊಂಡು ಗೆರೆಯ ಹತ್ತಿರ ಬಂದು ನಿಂತ. ಅಂಚು ನಮ್ಮ ಕಣ್ಣು ತಪ್ಪಿಸಿ ಸರಿದಿತ್ತು, ಬಾಗಿಲು ಎರಡೇ ಅಡಿ.

ಅವನು ಸಿಟ್ಟಾಗಲಿಲ್ಲ. “ಗೋಪಣ್ಣ, ಕುರ್ಚಿ ಹೊರಗ ಬಿಟ್ಟು ನಾ ಒಬ್ಬಾವನ ಒಳಗ ಹೋಗಂಗಿದ್ರ, ಈ ಬಾಗಲಾ ಯಾಕ ಕೇಳ್ತಿದ್ದೆ?” ಎಂದ, ಅಷ್ಟೆ. ಸುಣ್ಣವನ್ನು ಕಾಲಿನಿಂದ ನಾನೇ ಅಳಿಸಿದೆ. ಅದು ಗೋಡೆಯಾಗಿದ್ದರೆ ತಮಗೆ ಪತ್ರ ಬರುತ್ತಿರಲಿಲ್ಲ, ನಾನೇ ಬರುತ್ತಿದ್ದೆ.

ಆಮೇಲೆ ಪಾಮನಕಲ್ಲೂರಿನಲ್ಲಿ ಮದುವೆ ಎಂದು ಮೂರು ದಿನ ನಾನು ಅಂಗಡಿಗೆ ಹೋಗಲಿಲ್ಲ. ಮೂರೂ ದಿನ ಒಂದು ಕ್ಲಿಕ್ಕೂ ಹೆಚ್ಚು ಬೀಳಲಿಲ್ಲವಂತೆ. ಯಂತ್ರಕ್ಕೂ ನನ್ನ ಭಯವಿದೆ ಎಂದು ಒಳಗೊಳಗೇ ಹಿಗ್ಗಿ ಬಂದು ಕೂತೆ. ಹತ್ತು ನಿಮಿಷ ನನ್ನನ್ನೇ ನೋಡಿದ ಅಮರೇಶ್ವರಿ, “ಅಪ್ಪಾ, ಸಿಟ್ಟಾಗಬ್ಯಾಡ. ಎರಡನೇ ಕ್ಲಿಕ್ಕು ನೀನ ಮಾಡಾಕತ್ತಿ,” ಎಂದಳು.

ವಿಷಯ ಇಷ್ಟು. ಇಟ್ಟಿಗೆ ಇಟ್ಟ ಮೇಲೆ ಕರಣಿಯ ಹಿಡಿಯಿಂದ ಎರಡು ಸಲ ತಟ್ಟಿ ಕೂರಿಸುವುದು ಗೌಂಡಿಯ ಪದ್ಧತಿ. ತಟ್ಟದೆ ಬಿಟ್ಟ ಇಟ್ಟಿಗೆಯನ್ನು ನಾನು ನಂಬುವುದಿಲ್ಲ. ಕಂಪ್ಯೂಟರಿನಲ್ಲೂ ಅವಳು ಒಂದು ಗೆರೆ ಇಟ್ಟರೆ, ಇಲ್ಲಿ ಎಂದು ಪರದೆಯ ಮೇಲೆ ಬೆರಳಿನಿಂದ ನಾನು ಎರಡು ಸಲ ತಟ್ಟುತ್ತೇನೆ. ಹಳೆಯ ಕಂಪ್ಯೂಟರಿಗೆ ನಾಲ್ಕು ವರ್ಷ ತಟ್ಟಿದೆ, ಕಲೆ ಬಿತ್ತೇ ಹೊರತು ಬಾಗಿಲು ಸರಿಯಲಿಲ್ಲ. ಈ ಹೊಸದರ ಪರದೆ ಮುಟ್ಟಿದರೆ ಕೆಲಸ ಮಾಡುವಂಥದ್ದಂತೆ. ಮಾರಿದವನು ಹೇಳಲಿಲ್ಲ, ತಮ್ಮ ಆರು ಫೋನುಗಳಲ್ಲೂ ಪಕ್ಕದಲ್ಲಿ ಯಾರು ಕೂತಿದ್ದಾರೆ ಎಂದು ಒಬ್ಬರೂ ಕೇಳಲಿಲ್ಲ.

ತಪ್ಪು ನನ್ನದೇ ಎನ್ನುತ್ತೀರಿ. ಇರಲಿ, ಕಾಲು ಭಾಗ ನನ್ನದು. ಮಗಳು ಆ ಮುಟ್ಟುವಿಕೆಯನ್ನು ಬಂದ್ ಮಾಡಿದಳು. ಮರುದಿನ ಯಂತ್ರ ತಾನೇ ಏನೋ ಅಪ್‌ಡೇಟ್ ಮಾಡಿಕೊಂಡು ಅದನ್ನು ಮತ್ತೆ ಚಾಲೂ ಮಾಡಿತ್ತು. ಸಿಂಧನೂರಿನವನು ಅದು ಸಾಫ್ಟ್‌ವೇರಿನ ದೋಷ ಎನ್ನುತ್ತಾನೆ, ತಾವು ಲ್ಯಾಪ್‌ಟಾಪಿನ ದೋಷ ಎನ್ನುತ್ತೀರಿ. ಕೊನೆಗೆ ತಮ್ಮ ಕಡೆಯಿಂದ ಒಂದು ಸಾಲಿನ ಬರಹ ಬಂತು: ಕೆಲಸಕ್ಕೆ ಸಂಬಂಧವಿಲ್ಲದ ವ್ಯಕ್ತಿಗಳನ್ನು ಪರದೆಯಿಂದ ದೂರವಿರಿಸಿ.

ಮಾನ್ಯರೇ, ಆ ಸಂಬಂಧವಿಲ್ಲದ ವ್ಯಕ್ತಿ ನಾನು. ಎಂಟು ದಿನದಿಂದ ಅಂಗಡಿಯ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು, ಎರಡೂ ಕೈ ತೊಡೆಯ ಕೆಳಗೆ ಇಟ್ಟು ಕೂತಿದ್ದೇನೆ. ಅಲ್ಲಿಂದಲೇ ಎಡಕ್ಕೆ, ಬಲಕ್ಕೆ ಎಂದು ಬಾಯಲ್ಲಿ ಹೇಳು ಅನ್ನುತ್ತಾಳೆ ಮಗಳು. ನಲವತ್ತು ವರ್ಷ ಕೈಗೆ ತಿಳಿದದ್ದು ಬಾಯಿಗೆ ಬರುವುದಿಲ್ಲ. ಅತ್ತ ಸರ್ದಾರಬಿ ಒಂದೇ ಹಟ: “ಮಿಷಿನ್ ಏನರೆ ಹೇಳ್ಲಿ ಅಣ್ಣ, ನೀನು ಬೊಟ್ಟಿಟ್ಟು ತೋರಿಸಿದ ಜಾಗದಾಗ ಬಾಗಲಾ ಬರಬೇಕು.” ಇಪ್ಪತ್ತನೇ ತಾರೀಖಿಗೆ ಪಾಯ ಅಗೆಯುತ್ತಾರೆ.

ಆದ್ದರಿಂದ ತಾವು ದಯಮಾಡಿ, ಬಂದ್ ಮಾಡಿದ್ದನ್ನು ಬಂದ್ ಆಗಿಯೇ ಇಡುವ ವಿದ್ಯೆಯನ್ನು ತಮ್ಮ ಸಾಫ್ಟ್‌ವೇರಿಗೆ ಕಲಿಸಬೇಕು. ಅದು ಆಗದಿದ್ದರೆ, ಬೆರಳು ಬಿದ್ದ ಕೂಡಲೇ ‘ಯಾರದು?’ ಎಂದು ಕೇಳುವಂತೆ ಮಾಡಬೇಕು. ಗೋಪಣ್ಣನದು ಎಂದು ನಾನು ಹೇಳುತ್ತೇನೆ, ಅದು ಸುಮ್ಮನಿರಬೇಕು. ಅದೂ ಆಗದಿದ್ದರೆ, ತಮ್ಮ ಇಂಜಿನಿಯರರಲ್ಲಿ ಕೈ ಕಟ್ಟಿಕೊಂಡು ಮನೆ ಕಟ್ಟಿಸಬಲ್ಲ ಒಬ್ಬರನ್ನು ಕಳಿಸಿಕೊಡಿ. ಊಟ ವಸತಿ ನಮ್ಮದು.

ಇಷ್ಟು ಸಿಟ್ಟಿನಲ್ಲಿಯೂ ತಮ್ಮ ವಿಶ್ವಾಸಿಯಾಗಿ ಉಳಿದಿರುವ,
ಗೋಪಣ್ಣ, ಗೌಂಡಿ
ಸಂತೆಕಲ್ಲೂರು

ತಾ.ಕ.: ‘ಇದಕ್ಕೆ ಉತ್ತರಿಸಬೇಡಿ’ ಎಂದು ಕೆಳಗೆ ಬರೆದಿರುವ ಉತ್ತರ ಬೇಡ, ಹೆಸರಿರುವ ಒಬ್ಬ ಮನುಷ್ಯ ಫೆಬ್ರವರಿ ಹದಿನೈದರೊಳಗೆ ಬರೆಯಲಿ. ಬರೆದರೂ ಬರೆಯದಿದ್ದರೂ ಹದಿನಾರರ ಬೆಳಿಗ್ಗೆ ನಾನು ಮಗಳ ಪಕ್ಕಕ್ಕೇ ಹೋಗಿ ಕೂರುತ್ತೇನೆ, ಬೆರಳನ್ನು ಮನೆಯಲ್ಲಿ ಬಿಟ್ಟು ಬರುವುದಿಲ್ಲ.